ಮರುಭೂಮಿಯ ಸೌರವಿದ್ಯುತ್ ಮತ್ತು ಬ್ಯಾಟರಿ ಸಂಗ್ರಹ

ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು ರಾತ್ರಿಗೂ ವಿದ್ಯುತ್ ಒದಗಿಸುವ ವ್ಯವಸ್ಥೆ. 2025ರ ಜನವರಿಯಲ್ಲಿ ಅಬುಧಾಬಿಯ ಮಸ್ದಾರ್ ಸಂಸ್ಥೆ ಪ್ರಕಟಿಸಿದ ಯೋಜನೆಯಲ್ಲಿ ಸೌರಫಲಕಗಳ ಸಾಮರ್ಥ್ಯ 5.2 ಗಿಗಾವ್ಯಾಟ್, ಬ್ಯಾಟರಿಯದು 19 ಗಿಗಾವ್ಯಾಟ್-ಗಂಟೆ. ಇಷ್ಟೆಲ್ಲ ಸೇರಿ 24 ಗಂಟೆಯೂ ಕೊಡಬೇಕಾದದ್ದು ಮಾತ್ರ 1 ಗಿಗಾವ್ಯಾಟ್. ದುಂದುವೆಚ್ಚವೆನಿಸಬಹುದು, ಲೆಕ್ಕ ಹಾಕಿದರೆ ಹಾಗಲ್ಲ. ದಿನಕ್ಕೆ ಬೇಕಾಗುವುದು 24 ಗಿಗಾವ್ಯಾಟ್-ಗಂಟೆ. ಫಲಕಗಳಿಂದ ಸಿಗುವುದು ಸುಮಾರು ಐದು ಗಂಟೆಯ ಪೂರ್ಣ ದುಡಿಮೆಗೆ ಸಮನಾದ ವಿದ್ಯುತ್ತು. ಅದರಲ್ಲೂ ಬ್ಯಾಟರಿಗೆ ತುಂಬಿ ತೆಗೆಯುವಾಗ ಒಂದಿಷ್ಟು ಸೋರುತ್ತದೆ. ಮರುಭೂಮಿಯ ನಿಜವಾದ ಅನುಕೂಲ ಬಿಸಿಲಿನ ತೀವ್ರತೆಯಲ್ಲ, ಅದರ ನಿಯತತೆ. ಸಾಲುಸಾಲು ಮೋಡದ ದಿನಗಳು ವಿರಳವಾದ್ದರಿಂದ ಒಂದು ರಾತ್ರಿಗೆ ಸಾಲುವಷ್ಟು ಸಂಗ್ರಹವಿದ್ದರೆ ಬಹುಪಾಲು ನಡೆಯುತ್ತದೆ; ಮಳೆಗಾಲವಿರುವ ನಾಡಿಗೆ ಇದೇ ಲೆಕ್ಕ ಒಗ್ಗದು.

ಸೆಕೆಯೇ ಶತ್ರುವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಿಲಿಕಾನ್ ಫಲಕದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ, 65 ಡಿಗ್ರಿಗೆ ಕಾದ ಫಲಕ ಶೇ 12ರಿಂದ 16ರಷ್ಟನ್ನು ಬಿಟ್ಟುಕೊಡುತ್ತದೆ. ಬ್ಯಾಟರಿಗಳನ್ನು ತಂಪಾಗಿಡಲೂ ವಿದ್ಯುತ್ತೇ ಬೇಕು. ಆದರೂ ವರ್ಷವಿಡೀ ಬೀಳುವ ಬಿಸಿಲಿನ ಮುಂದೆ ಈ ನಷ್ಟ ಚಿಕ್ಕದು. ಧೂಳು ಇದಕ್ಕಿಂತ ತಂಟೆಕೋರ: ಮುಂಜಾನೆಯ ಇಬ್ಬನಿಯಲ್ಲಿ ನೆನೆದು, ಬಿಸಿಲೇರಿದಂತೆ ಗಾಜಿಗೆ ಕೆಸರಿನ ಪದರವಾಗಿ ಅಂಟಿಕೊಳ್ಳುತ್ತದೆ. ನೀರೋ ದುಬಾರಿ. ಹಾಗಾಗಿ 2019ರಲ್ಲಿ ಉತ್ಪಾದನೆ ಆರಂಭಿಸಿದ, ಸ್ವೈಹಾನ್ ಬಳಿಯ 1,177 ಮೆಗಾವ್ಯಾಟ್‌ನ ನೂರ್ ಅಬುಧಾಬಿ ಸೌರಸ್ಥಾವರದಲ್ಲಿ ಫಲಕದ ಸಾಲುಗಳ ಮೇಲೆ ರೋಬಾಟ್ ಕುಂಚಗಳು ಹರಿದಾಡಿ ಒಣಗುಡಿಸುತ್ತವೆ. ಧೂಳುಗಾಳಿ ಎರಡು ಮೂರು ದಿನ ಬಿಡದೆ ಕವಿದರೆ ಮಾತ್ರ ಒಂದು ರಾತ್ರಿಯ ಸಂಗ್ರಹ ಸಾಲದು. ಆಗ ಅನಿಲ ಸ್ಥಾವರಗಳನ್ನೇ ನೆಚ್ಚಬೇಕು.