ಆಡಮ್ಸ್, ಡಗ್ಲಸ್

(1952-2001). ಇಂಗ್ಲೆಂಡಿನ ಹಾಸ್ಯ ಕಾದಂಬರಿಕಾರ, ಬಾನುಲಿ ನಾಟಕಕಾರ, ವಿಡಿಯೊ ಗೇಮ್ ರಚನಕಾರ. 1952ರ ಮಾರ್ಚ್ 11ರಂದು ಕೇಂಬ್ರಿಜ್‌ನಲ್ಲಿ ಜನನ. ಅಲ್ಲಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗ. 1978ರಲ್ಲಿ ಬಿಬಿಸಿ ಬಾನುಲಿಯಲ್ಲಿ ಪ್ರಸಾರವಾದ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಸರಣಿ ಈತನಿಗೆ ಹೆಸರು ತಂದಿತು. ಮರುವರ್ಷ ಅದೇ ಕಥೆ ಕಾದಂಬರಿಯಾಯಿತು. ಮುಂದೆ ನಾಲ್ಕು ಕಾದಂಬರಿಗಳು ಅದರ ಬೆನ್ನಿಗೆ ಬಂದವು.

ಅಮೆರಿಕದ ಇನ್ಫೋಕಾಮ್ ಸಂಸ್ಥೆಯ ಸ್ಟೀವ್ ಮೆರೆಟ್ಸ್ಕಿ ಜೊತೆಗೂಡಿ 1984ರಲ್ಲಿ ಇದೇ ಕಥೆಯನ್ನು ಗೇಮ್ ಆಗಿಸಿದ. ಇದರಲ್ಲಿ ಚಿತ್ರಗಳಿಲ್ಲ, ಆಟಗಾರ ಅಪ್ಪಣೆಗಳನ್ನು ಟೈಪ್ ಮಾಡುತ್ತ ಸಾಗಬೇಕು. ಕಿವಿಯಲ್ಲಿಟ್ಟುಕೊಂಡರೆ ಎಲ್ಲ ಭಾಷೆಗಳೂ ಅರ್ಥವಾಗುವ ಬೇಬಲ್ ಮೀನನ್ನು ಯಂತ್ರದಿಂದ ಪಡೆಯುವ ಘಟ್ಟ ಕಠಿಣತೆಗೆ ಹೆಸರಾದುದು. ಗುಂಡಿ ಒತ್ತಿದಾಗಲೆಲ್ಲ ಮೀನು ಹಾರಿ ತಪ್ಪಿಸಿಕೊಳ್ಳುತ್ತದೆ. ಅದನ್ನು ತಡೆಯಲು ನಿಲುವಂಗಿ, ಟವೆಲು, ಚೀಲ, ಕಾಗದದ ರಾಶಿಗಳನ್ನು ಒಂದೊಂದಾಗಿ ಅಡ್ಡ ಇಡಬೇಕು. ಗೇಮಿನ ಪೆಟ್ಟಿಗೆಯಲ್ಲಿ 'ಕಣ್ಣಿಗೆ ಕಾಣದಷ್ಟು ಸಣ್ಣ ಬಾಹ್ಯಾಕಾಶ ನೌಕಾಪಡೆ' ಎಂದು ಖಾಲಿ ಪ್ಲಾಸ್ಟಿಕ್ ಚೀಲವನ್ನೂ ಇಡಲಾಗಿತ್ತು.

ವಿಳಾಸ ಬದಲಾವಣೆಯ ಕಚೇರಿ ಗೋಳನ್ನು ಗೇಲಿ ಮಾಡುವ ಆಡಮ್ಸ್‌ನ ಇನ್ನೊಂದು ಗೇಮ್ 'ಬ್ಯೂರಾಕ್ರಸಿ'ಯಲ್ಲಿ (1987) ಕಿರಿಕಿರಿ ಹೆಚ್ಚಿದಂತೆ ಆಟಗಾರನ ರಕ್ತದೊತ್ತಡವೂ ಏರುತ್ತದೆ. 'ಸ್ಟಾರ್‌ಶಿಪ್ ಟೈಟಾನಿಕ್' ಗೇಮಿನಲ್ಲಿ (1998) ಹಡಗಿನ ರೋಬಾಟುಗಳೊಡನೆ ಟೈಪ್ ಮಾಡಿ ಮಾತನಾಡಬಹುದು. ಗೇಮಿನ ಕೆಲಸದಲ್ಲಿ ಮುಳುಗಿದ್ದ ಆಡಮ್ಸ್‌ನ ಬದಲು ಅದರ ಕಾದಂಬರಿ ರೂಪವನ್ನು ಟೆರಿ ಜೋನ್ಸ್ ಬರೆದ.

ಆಡಮ್ಸ್ 2001ರ ಮೇ 11ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ನಿಧನನಾದ. 1984ರ ಗೇಮಿನ ಅಂತರಜಾಲ ಆವೃತ್ತಿಯನ್ನು ಬಿಬಿಸಿ 2004ರಲ್ಲಿ ಹೊರತಂದಿತು.