ಹೆಗ್ಗೋಡಿನ ಪರದೆ



ನಮ್ಮ ಪೆರಿಯಕುಳಂನಲ್ಲಿ ಬಾಗಿಲು ಮುಚ್ಚಿದ ಒಂದು ಹಳೆಯ ಸಿನಿಮಾ ಕೊಟ್ಟಾಯಿ ಇದೆ. ಹೆಸರು ಹೇಳುವುದಿಲ್ಲ, ಯಜಮಾನರಿಗೆ ಮುಜುಗರವಾದೀತು. ನಾನು ಹುಡುಗನಾಗಿದ್ದಾಗ ಅಲ್ಲಿ ನೆಲದ ಟಿಕೆಟ್, ಬೆಂಚಿನ ಟಿಕೆಟ್, ಕುರ್ಚಿ ಟಿಕೆಟ್ ಎಂದು ಮೂರು ತರಗತಿ ಇದ್ದವು. ನಾವು ನೆಲದವರು. ಮುಂದೆ ಕುಳಿತವನ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಎರಡು ಇದ್ದಿಲು ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಕು ಮಾಡುತ್ತಿದ್ದರು. ಕಡ್ಡಿ ಸವೆದಂತೆ ಆಪರೇಟರು ಅದನ್ನು ಹತ್ತಿರ ತಳ್ಳುತ್ತಿರಬೇಕು. ಆತ ಬೀಡಿ ಸೇದಲು ಹೋದನೆಂದರೆ ಪರದೆ ಮಂಕಾಗುತ್ತಿತ್ತು, ಆಗ ನಾವೆಲ್ಲ ಶಿಳ್ಳೆ ಹಾಕುತ್ತಿದ್ದೆವು.

ಕಳೆದ ವರ್ಷ ನನ್ನ ಮೊಮ್ಮಗ ಅದರ ಮುಂದೆ ನಿಂತು, ತಾತಾ, ಇಲ್ಲಿ ಒಂದು ಫಿಲಂ ಫೆಸ್ಟಿವಲ್ ಮಾಡಬಹುದಲ್ಲ ಎಂದ. ಪಕ್ಕದಲ್ಲಿದ್ದ ನನ್ನ ಸ್ನೇಹಿತರು ನಕ್ಕುಬಿಟ್ಟರು. ಪೆರಿಯಕುಳಂನಲ್ಲಿ ಫಿಲಂ ಫೆಸ್ಟಿವಲ್ಲೇ, ಮಾವಿನಹಣ್ಣಿನ ಸಂತೆ ಮಾಡು ಎಂದರು. ನಾನು ನಗಲಿಲ್ಲ. ನಗದಿರಲು ಕಾರಣವಿತ್ತು, ಅದನ್ನು ಹೇಳುವುದಕ್ಕಾಗಿಯೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಚಿತ್ರೋತ್ಸವ ಎಂಬುದು ಮೊದಲಿನಿಂದಲೂ ದೊಡ್ಡ ಊರಿನವರ ವ್ಯವಹಾರ. ಇಟಲಿಯ ವೆನಿಸ್ ನಗರದಲ್ಲಿ 1932ರಲ್ಲಿ, ಫ್ರಾನ್ಸಿನ ಕಾನ್‌ನಲ್ಲಿ 1946ರಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಆರಂಭವಾಗಿ ಆಮೇಲೆ ಮದರಾಸು, ದೆಹಲಿ, ಕಲ್ಕತ್ತೆಗೆ ಹೋಯಿತು. ಅದೇ ವರ್ಷ ಮಧುರೆಯಲ್ಲಿ ತಂಗಂ ಥಿಯೇಟರ್ 'ಪರಾಶಕ್ತಿ' ಚಿತ್ರದೊಂದಿಗೆ ತೆರೆಯಿತು. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾಗಿದ್ದ ಥಿಯೇಟರು ಅದು. ನಮ್ಮ ತಂದೆಯ ಕಾಲದವರು ಅದನ್ನು ನೋಡಲೆಂದೇ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಅದೂ ಈಗ ಇಲ್ಲ, ಕೆಡವಿಬಿಟ್ಟರು.

ಸಿನಿಮಾದ ಹುಚ್ಚಿಗೆ ನಮ್ಮ ಸೀಮೆಯಲ್ಲಿ ಯಾವತ್ತೂ ಕೊರತೆ ಇರಲಿಲ್ಲ. ಎಸ್.ಎಸ್. ರಾಜೇಂದ್ರನ್ ಅವರನ್ನು 1962ರಲ್ಲಿ ಶಾಸನಸಭೆಗೆ ಕಳಿಸಿದವರು ತೇಣಿಯ ಮತದಾರರು. ಎಂ.ಜಿ.ಆರ್. ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆಂಡಿಪಟ್ಟಿಯವರು ಗೆಲ್ಲಿಸಿದ್ದು 1984ರ ಕೊನೆಯಲ್ಲಿ. ಇನ್ನು ಕನ್ನಡದ ಬಾಂಧವ್ಯ ಕೇಳಿ. ಅಲ್ಲಿನಗರಂನ ಭಾರತಿರಾಜ ಕೆಲಸ ಕಲಿತದ್ದು ಕನ್ನಡದ ಪುಟ್ಟಣ್ಣ ಕಣಗಾಲರ ಬಳಿ. ಪಣ್ಣೈಪುರಂನ ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಜಿ.ಕೆ. ವೆಂಕಟೇಶರಿಗೆ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. ತಮಿಳು ಹಳ್ಳಿಯನ್ನು ಪರದೆಗೆ ತಂದ ಚಿತ್ರ ಎಂದು ನಾವೆಲ್ಲ ಕೊಂಡಾಡುವ '16 ವಯದಿನಿಲೇ', 1977ರದು, ಅದರ ಚಿತ್ರೀಕರಣ ನಡೆದದ್ದು ಮೈಸೂರು, ಕೊಳ್ಳೇಗಾಲದ ಕಡೆ. ಆ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡದ ರಾಜಕುಮಾರ್ ಹುಟ್ಟಿದ ಗಾಜನೂರು ಇಂದಿಗೂ ತಮಿಳುನಾಡಿನಲ್ಲೇ ಇದೆ. ಗಡಿ ಎಂಬುದು ಸರ್ಕಾರದ ನಕ್ಷೆಯಲ್ಲಿ ಎಷ್ಟು ನೇರವೋ ಮನುಷ್ಯರ ಬಾಳಿನಲ್ಲಿ ಅಷ್ಟು ನೇರವಲ್ಲ, ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಆದರೂ ನಮ್ಮ ಮನೆಯ ಕನ್ನಡಕ್ಕೆ ಒಂದು ಕೊರತೆ ಇತ್ತು. ಕಂಬಂ ಕಣಿವೆಯಲ್ಲಿ ಕಾಪ್ಪಿಲಿಯರು, ಒಕ್ಕಲಿಗರು ಮುಂತಾಗಿ ನಮ್ಮ ಮಾತಾಡುವ ಜನ ತಲೆತಲಾಂತರದಿಂದ ಇದ್ದಾರೆ. ದನ ಅಟ್ಟುವುದಕ್ಕೆ, ಮಕ್ಕಳನ್ನು ಬೈಯುವುದಕ್ಕೆ, ಹೆಣ್ಣು ಕೇಳುವುದಕ್ಕೆ, ಸಾವಿನ ಮನೆಯಲ್ಲಿ ಅಳುವುದಕ್ಕೆ ನಮ್ಮ ಕನ್ನಡ ಸಾಕಾಗಿತ್ತು. ಶಾಲೆಗೆ, ಕಚೇರಿಗೆ, ಸಿನಿಮಾಕ್ಕೆ, ನಾಲ್ಕು ಜನರ ಎದುರು ನಿಂತು ಆಡುವ ಮಾತಿಗೆ ತಮಿಳು. ನಾನೂ ಎಸ್.ಎಸ್.ಎಲ್.ಸಿ. ಮುಗಿಸಿದ್ದು ತಮಿಳಿನಲ್ಲೇ. ಬ್ಯಾಂಕಿನ ಅರ್ಜಿಯಲ್ಲಿ 'ಮನೆಮಾತು: ಕನ್ನಡ' ಎಂದು ಬರೆದ ತಪ್ಪಿಗೆ ನನ್ನನ್ನು ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹಾಕಿದರು. ಅದು 1983. ಕೌಂಟರಿನಲ್ಲಿ ಕೂತವನಿಗೆ ಚಲನ್ ಮೇಲಿನ ಕನ್ನಡ ಓದಲು ಬರುವುದಿಲ್ಲ! ಅಕ್ಷರಗಳ ಪಕ್ಕ ತಮಿಳಿನಲ್ಲಿ ಗುರುತು ಹಾಕಿಕೊಂಡ ಒಂದು ಚೀಟಿ ನನ್ನ ಡ್ರಾಯರಿನಲ್ಲಿ ಇರುತ್ತಿತ್ತು. ನಾನು ಬಾಯಿ ಬಿಟ್ಟರೆ ಜೊತೆಯವರು ನಗುತ್ತಿದ್ದರು, ದ್ವೇಷದಿಂದಲ್ಲ, ಆದರೂ ನಗುವೇ.

ಸಾಗರದಿಂದ ಹತ್ತು ಕಿಲೋಮೀಟರಿನೊಳಗೆ ಹೆಗ್ಗೋಡು. ಅಡಿಕೆ ತೋಟಗಳ ನಡುವಿನ ಹಳ್ಳಿ. ಅಲ್ಲಿ 1949ರಲ್ಲಿ ಊರವರೇ ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂದು ಒಂದು ನಾಟಕ ಸಂಘ ಕಟ್ಟಿಕೊಂಡಿದ್ದರು. ನೀನಾಸಂ ಎಂದರೆ ಅದೇ. ಅದನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಕುವೆಂಪು ಅವರಲ್ಲಿ ಪಾಠ ಕೇಳಿ, ಪಟ್ಟಣದಲ್ಲಿ ನೌಕರಿ ಹುಡುಕದೆ ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡವರು. 1972ರಲ್ಲಿ ಅಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು. ಮರುವರ್ಷ, 1973ರಲ್ಲಿ, ನೀನಾಸಂ ಚಿತ್ರಸಮಾಜ ಹುಟ್ಟಿತು. ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯ್ ಮತ್ತು ಅವರ ಗೆಳೆಯರು 1947ರಲ್ಲಿ, ತಿರುವನಂತಪುರದಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಸಂಗಡಿಗರು 1965ರಲ್ಲಿ ಇಂಥ ಫಿಲಂ ಸೊಸೈಟಿಗಳನ್ನು ಕಟ್ಟಿದ್ದರು. ಅವೆಲ್ಲ ನಗರಗಳು, ಕಾಲೇಜು ಓದಿದವರ ಕೂಟಗಳು. ಹಳ್ಳಿಯಲ್ಲಿ ಕಟ್ಟಿದ್ದೇ ಹೆಗ್ಗೋಡಿನ ವಿಶೇಷ.

ಜೊತೆಯ ಗುಮಾಸ್ತರೊಬ್ಬರು ಒಂದು ಸಂಜೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಇಟಲಿಯ 'ಬೈಸಿಕಲ್ ಥೀವ್ಸ್', ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ಚಿತ್ರ. ಬಣ್ಣವಿಲ್ಲ, ಹಾಡಿಲ್ಲ, ಹೊಡೆದಾಟವಿಲ್ಲ. ಸಭೆಯಲ್ಲಿ ಪಂಚೆ ಉಟ್ಟ ತೋಟದವರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಹೆಂಗಸರು, ಶಾಲಾ ಮೇಷ್ಟ್ರುಗಳು. ಶುರುವಾಗುವ ಮೊದಲು ಒಬ್ಬರು ಎದ್ದು ನಿಂತು ಕತೆಯ ಎಳೆಯನ್ನು ಕನ್ನಡದಲ್ಲಿ ಹೇಳಿದರು. ಯುದ್ಧ ಮುಗಿದ ಮೇಲಿನ ರೋಮ್ ನಗರ, ಕೆಲಸವಿಲ್ಲದ ಒಬ್ಬ ಬಡವ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಆದರೆ ಸೈಕಲ್ ಇರಬೇಕು. ಹೆಂಡತಿ ಹಾಸಿಗೆಯ ಬಟ್ಟೆಗಳನ್ನು ಅಡವಿಟ್ಟು ಸೈಕಲ್ ಬಿಡಿಸುತ್ತಾಳೆ. ಮೊದಲ ದಿನವೇ ಅದು ಕಳವಾಗುತ್ತದೆ. ತಂದೆ ಮತ್ತು ಸಣ್ಣ ಮಗ ಊರೆಲ್ಲ ಹುಡುಕುತ್ತಾರೆ. ಇಷ್ಟೇ.

ಅಡವಿನ ಅಂಗಡಿಯ ದೃಶ್ಯ ಬಂತು. ಅವರ ಬಟ್ಟೆಯ ಗಂಟನ್ನು ಒಬ್ಬ ನೌಕರ ಎತ್ತಿಕೊಂಡು ಹೋಗಿ ಏಣಿಯಂಥ ಕಪಾಟನ್ನು ಹತ್ತುತ್ತಾನೆ. ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ. ಮಾಡಿನವರೆಗೂ ಗಂಟುಗಳು. ಊರಿನ ಅರ್ಧ ಜನರ ಹಾಸಿಗೆ ಬಟ್ಟೆ ಅಲ್ಲೇ ಇದೆ. ಬಂಧುಗಳೇ, ಆ ದಿನಗಳಲ್ಲಿ ನನಗೆ ಒಡವೆ ಸಾಲದ ಕೌಂಟರಿನ ಕೆಲಸ. ದಿನಕ್ಕೆ ಎಷ್ಟೋ ತಾಳಿ ಸರ, ಓಲೆ, ಬಳೆಗಳನ್ನು ತೂಗಿ, ಚೀಲಕ್ಕೆ ಹಾಕಿ, ನಂಬರು ಬರೆದು ಕಪಾಟಿಗೆ ಕಳಿಸುತ್ತಿದ್ದೆ. ಒಮ್ಮೆಯೂ ಆ ಕಪಾಟನ್ನು ತಲೆ ಎತ್ತಿ ನೋಡಿರಲಿಲ್ಲ. ಎಂ.ಜಿ.ಆರ್. ಚಿತ್ರಗಳಲ್ಲಿ ನಾನು ಯಾವಾಗಲೂ ನಾಯಕನ ಕಡೆಯವನು. ಹೆಗ್ಗೋಡಿನಲ್ಲಿ ಮೊದಲ ಸಲ, ಪರದೆಯ ಮೇಲೆ ಬಂದ ಆ ಹೆಸರಿಲ್ಲದ ನೌಕರ ನಾನೇ ಅನಿಸಿತು.

ಚಿತ್ರ ಮುಗಿದ ಮೇಲೆ ಯಾರೂ ಏಳಲಿಲ್ಲ. ಮಾತು ಶುರುವಾಯಿತು. ಕೊನೆಗೆ ಆ ತಂದೆಯೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಮಗನ ಕಣ್ಣೆದುರು ಸಿಕ್ಕಿಬೀಳುತ್ತಾನಲ್ಲ, ಅದು ಸರಿಯೇ ತಪ್ಪೇ ಎಂದು ಒಬ್ಬ ವಯಸ್ಸಾದ ಬೆಳೆಗಾರರು ಎತ್ತಿದರು. ಮತ್ತೊಬ್ಬರು, ಸರಿ ತಪ್ಪಿನ ಮಾತು ಬಿಡಿ, ಆ ಹುಡುಗ ಅಪ್ಪನ ಕೈ ಹಿಡಿದನಲ್ಲ ಅದನ್ನು ನೋಡಿ ಎಂದರು. ಅಪ್ಪನ ಪಾತ್ರ ಮಾಡಿದವನು ನಟನೇ ಅಲ್ಲ, ಕಾರ್ಖಾನೆಯ ಕೂಲಿ ಎಂದು ತಿಳಿದಾಗ ಸಭೆಯಲ್ಲಿ ಗುಜುಗುಜು. ಅವರೆಲ್ಲ ಆಡಿದ್ದು ಪುಸ್ತಕದ ಕನ್ನಡವಲ್ಲ. ಎಷ್ಟೋ ಜನರದು ಹವ್ಯಕರ ಮನೆಮಾತು, ನನ್ನ ಕನ್ನಡದಷ್ಟೇ ಬೇರೆ ಬಗೆಯದು. ಮನೆಮಾತಿನಲ್ಲೇ ಸಭೆಯಲ್ಲಿ ನಿಂತು ಲೋಕದ ಒಂದು ಕಲೆಯ ಬಗ್ಗೆ ವಾದ ಮಾಡಬಹುದು ಎಂಬುದನ್ನು ನಾನು ಆ ರಾತ್ರಿ ಕಂಡೆ. ನಮ್ಮ ಕಣಿವೆಯಲ್ಲಿ ಅದನ್ನು ಕಂಡಿರಲಿಲ್ಲ. ಮರುವಾರವೇ ಒಂದನೇ ತರಗತಿಯ ಕನ್ನಡ ಪುಸ್ತಕ ಕೊಂಡು ಅಕ್ಷರ ತಿದ್ದಲು ಕೂತೆ.

ಇದೆಲ್ಲ ಹೇಗೆ ಸಾಧ್ಯವಾಯಿತು ಎಂದು ಲೆಕ್ಕ ಬರೆದವನಾಗಿ ನಿಮಗೆ ಹೇಳಬೇಕು. ಥಿಯೇಟರಿನ ಫಿಲಂ 35 ಮಿಲಿಮೀಟರಿನದು. ಹಳೆಯ ಕಾಲದಲ್ಲಿ ಅದು ಬೇಗ ಬೆಂಕಿ ಹತ್ತುವ ವಸ್ತುವಿನಿಂದ ಆದದ್ದು, ಅದಕ್ಕೇ ಆಪರೇಟರ್ ಕೋಣೆಗೆ ಅಷ್ಟು ದಪ್ಪ ಗೋಡೆ. 16 ಮಿಲಿಮೀಟರಿನ ಫಿಲಂ ಹಾಗಲ್ಲ, ಸುಲಭವಾಗಿ ಉರಿಯುವುದಿಲ್ಲ. ಅದರ ಯಂತ್ರವನ್ನು ಒಬ್ಬಿಬ್ಬರು ಎತ್ತಿ ಬಸ್ಸಿಗೋ ಜೀಪಿಗೋ ಹಾಕಬಹುದು. ಮೇಜಿನ ಮೇಲೆ ಇಟ್ಟು, ಬಿಳಿ ಬಟ್ಟೆ ಕಟ್ಟಿದರೆ ಅದೇ ಥಿಯೇಟರು. ಚಿತ್ರಗಳು ಬರುತ್ತಿದ್ದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ. 1964ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಡಬ್ಬಿಗಳನ್ನು ಬೀಗ ಹಾಕಿ ಕಾಯುವುದಷ್ಟೇ ಅವರ ಕೆಲಸವಾಗಿರಲಿಲ್ಲ, ನೋಡುವ ಕಣ್ಣುಗಳಿಗೆ ತಲುಪಿಸುವುದೂ ಆಗಿತ್ತು. ಪುಣೆಯ ಫಿಲಂ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದುರ್ ಹೆಗ್ಗೋಡಿಗೆ ಬಂದು ಸಿನಿಮಾ ನೋಡುವ ಬಗೆಯನ್ನು ಕಲಿಸಿದರು. ರಾಯ್ ಅವರ 'ಪಥೇರ್ ಪಾಂಚಾಲಿ', ಜಪಾನಿನ ಕುರೊಸಾವಾ ಅವರ 'ರಾಶೊಮಾನ್' ಇಂಥವನ್ನು ಅಡಿಕೆ ಸುಲಿಯುವ ಜನ ನೋಡಿದರು. 1983ರಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ 'ಜನಸ್ಪಂದನ' ಎಂಬ ಯೋಜನೆ ಶುರುವಾಗಿ, ನಾಟಕದ ಜೊತೆಗೆ ಸಿನಿಮಾ ಕೂಡ ಬೇರೆ ಊರುಗಳಿಗೆ ಹೋಯಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎಲ್ಲ ಹಾಲು ಜೇನು ಎಂದು ನಾನು ಹೇಳಲಾರೆ. ನಿದ್ದೆ ಹೋದವರನ್ನು ನಾನೇ ಕಂಡಿದ್ದೇನೆ, ಒಮ್ಮೆ ನಾನೂ ನಿದ್ದೆ ಹೋಗಿದ್ದೇನೆ. ಅದು ಸ್ವೀಡನ್ನಿನ ಚಿತ್ರ. ಹೆಗ್ಗೋಡಿನವರು ಸಾಗರದ ಟಾಕೀಸಿಗೆ ರಾಜಕುಮಾರ್ ಚಿತ್ರ ನೋಡಲು ಹೋಗುವುದನ್ನು ಬಿಡಲೂ ಇಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆಮೇಲೆ ಮನೆಮನೆಗೆ ಟಿ.ವಿ. ಬಂತು. ಸುಬ್ಬಣ್ಣ 2005ರಲ್ಲಿ, ಬಹಾದುರ್ 2010ರಲ್ಲಿ, ನಾಯರ್ 2016ರಲ್ಲಿ ತೀರಿಕೊಂಡರು. ನಾಯರ್ ಅವರನ್ನು ಕುರಿತ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ 2012ರದು. ಅದರಲ್ಲಿ ಹೆಗ್ಗೋಡಿನ ಜನ ತಾವು ಎಂದೋ ನೋಡಿದ ಚಿತ್ರಗಳನ್ನು ನೆನೆಯುತ್ತಾರೆ. ಮೊಮ್ಮಗ ತನ್ನ ಫೋನಿನಲ್ಲಿ ತೋರಿಸಿದಾಗ ನನ್ನ ಕನ್ನಡಕ ಒದ್ದೆಯಾಯಿತು.

ಈಗ ನಮ್ಮೂರಿನ ಕೊಟ್ಟಾಯಿಗೆ ಬರುತ್ತೇನೆ. ಯಜಮಾನರನ್ನು ಹೋಗಿ ಕಂಡೆ. ಬ್ಯಾಂಕಿನ ಕಾಲದಿಂದ ಪರಿಚಯ. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಕುರ್ಚಿಗಳ ಹಂಜಿಯನ್ನು ಇಲಿ ತಿಂದಿದೆ. ಸ್ಪೀಕರುಗಳನ್ನು ಎಂದೋ ಮಾರಿದ್ದಾರೆ. ಲೈಸೆನ್ಸಿನ ಅವಧಿ ಮುಗಿದಿದೆ, ಮೂರು ಸಂಜೆಗಾದರೂ ಅನುಮತಿ ಬರೆದುಕೊಂಡು ಓಡಾಡಬೇಕು, ಚಿತ್ರಗಳ ಹಕ್ಕುದಾರರಿಂದಲೂ ಒಪ್ಪಿಗೆ ತರಬೇಕು. ಪರದೆ ಹರಿದಿದೆ. ಆದರೆ ಅದರ ಹಿಂದಿನ ಗೋಡೆ ಗಟ್ಟಿಯಾಗಿದೆ, ಸುಣ್ಣ ಬಳಿದರೆ ಸಾಕು. ಬಾಡಿಗೆ ಬೇಡ, ಕರೆಂಟಿನ ದುಡ್ಡು ಕೊಡಿ ಎಂದರು. ಯಂತ್ರ ಈಗ ಕಂಕುಳಲ್ಲಿ ಹಿಡಿಯುವಷ್ಟು ಸಣ್ಣದು, ಅದು ಹುಡುಗರ ಪಾಲಿನ ಕೆಲಸ.

ಒಂದು ತಮಿಳು ಚಿತ್ರ, ಒಂದು ಕನ್ನಡ ಚಿತ್ರ, ಒಂದು 'ಬೈಸಿಕಲ್ ಥೀವ್ಸ್' ಎಂದು ಯೋಚನೆ. ಚಿತ್ರಕ್ಕೆ ಮೊದಲು ನಿಂತು ನಾಲ್ಕು ಮಾತು ಹೇಳುವವನು ನಾನೇ ಆಗಬೇಕಂತೆ, ಅದೂ ನಮ್ಮ ಮನೆಯ ಕನ್ನಡದಲ್ಲಿ. ಮೂವತ್ತೆಂಟು ವರ್ಷ ಗಾಜಿನ ಹಿಂದೆ ಕೂತು ಮಾತಾಡಿದವನಿಗೆ ನಿಂತು ಮಾತಾಡುವುದು ಕಷ್ಟ. ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿ ನೋಡುತ್ತಿದ್ದೇನೆ. ಅಡವು ಎಂಬಲ್ಲಿ ತಡೆಯಿತು. ನಮ್ಮವರ ಬಾಯಲ್ಲಿ ಅದು ತಮಿಳಿನ ಅಡಗು ಆಗಿಹೋಗಿದೆ. ಯಾವುದನ್ನು ಹೇಳಲಿ ಎಂದು ಕೇಳಿದೆ. ಯಾವುದಾದರೂ ಹೇಳಿ, ಇಟ್ಟವರಿಗೆ ತಿಳಿಯುತ್ತದೆ ಎಂದಳು. ಎರಡನ್ನೂ ಹೇಳುವುದೆಂದು ತೀರ್ಮಾನಿಸಿದ್ದೇನೆ.

ಅನುಮತಿ ಸಿಕ್ಕರೆ ತೈ ತಿಂಗಳಲ್ಲಿ, ಪೊಂಗಲ್ ಕಳೆದ ಮೇಲೆ ಮೂರು ಸಂಜೆ. ದಿನ ಗೊತ್ತಾದ ಕೂಡಲೇ ನಿಮ್ಮ ಊರುಗಳಿಗೆ ಹೇಳಿ ಕಳಿಸುತ್ತೇನೆ. ಟಿಕೆಟ್ ಇಲ್ಲ. ಕುರ್ಚಿಯೂ ಇಲ್ಲ, ಬರುವಾಗ ಚಾಪೆ ತನ್ನಿ.