ಡೀಲರ್ ಹೆಸರಿನಲ್ಲಿ ನೋಂದಣಿಯಾದ ಕಾರು: ಖರೀದಿದಾರರ ಹಕ್ಕುಗಳೇನು?

ಚಿಕ್ಕಬಾಣಾವರ: ಟೆಸ್ಟ್ ಡ್ರೈವ್‌ಗೆಂದು ಡೀಲರ್ ತನ್ನ ಹೆಸರಿನಲ್ಲೇ ನೋಂದಾಯಿಸಿದ ಕಾರನ್ನು ನಂತರ ರಿಯಾಯಿತಿ ದರಕ್ಕೆ ಮಾರುವುದುಂಟು. ಇಲ್ಲಿಂದ ತುಮಕೂರು ರಸ್ತೆಯ ಷೋರೂಮ್‌ಗಳತ್ತ ಹೊರಟವರು ಒಂದನ್ನು ಗಮನಿಸಬೇಕು. ಓಡಿದ ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ, ಆರ್‌ಸಿಯಲ್ಲಿ ನೀವು ಎರಡನೇ ಮಾಲೀಕರು. ವಾರಂಟಿಯೂ ಸಾಮಾನ್ಯವಾಗಿ ಆಗಲೇ ಆರಂಭವಾಗಿರುತ್ತದೆ. ರಿಯಾಯಿತಿ ಇವೆರಡಕ್ಕೂ ಸರಿದೂಗಬೇಕು.

ಈ ಸಂಗತಿ ಮುಚ್ಚಿಟ್ಟು 'ಹೊಸ ಕಾರು' ಎಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 2009ರ ಮಾದರಿಯನ್ನು 2011ರದೆಂದು ಮಾರಿದ ಗೋವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತಯಾರಕ ಕಂಪನಿಯನ್ನು ಕೈಬಿಟ್ಟು, ಡೀಲರ್‌ನ ಹೊಣೆಯನ್ನು ಉಳಿಸಿತು. ಆದ್ದರಿಂದ ಡೀಲರ್ ಹೇಳಿದ್ದೆಲ್ಲ ಬಿಲ್‌ನಲ್ಲಿ ಬರಹರೂಪದಲ್ಲಿರಲಿ, ಬಾಯಿಮಾತಿಗೆ ಬೆಲೆಯಿಲ್ಲ.

ಮುಂಗಡ ನೀಡುವ ಮುನ್ನ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ಪಡೆದರೆ ತಯಾರಿಕೆಯ ತಿಂಗಳು, ಮಾಲೀಕರ ಹೆಸರು, ಬ್ಯಾಂಕ್ ಸಾಲ ತಿಳಿಯುತ್ತದೆ. ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಕೇಳಿರಿ. ನಮೂನೆ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆಯಾಗಬೇಕು. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಮೋಸವಾದರೆ ಮೊದಲು 1915ಕ್ಕೆ ಕರೆ ಮಾಡಬಹುದು. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರು ಕಡ್ಡಾಯವಲ್ಲ.